ಎಷ್ಟು ವಾಟ್ ಎಂದು ಕೇಳುವ ಮುನ್ನ

ಸ್ಪೀಕರ್ ಕೊಳ್ಳಲು ಹೊರಟವರು ನಮ್ಮಲ್ಲಿ ಮೊದಲು ಕೇಳುವುದು ‘ಎಷ್ಟು ವಾಟ್?’ ಎಂದು. ತೊಂಬತ್ತರ ದಶಕದ ಟೇಪ್‌ರೆಕಾರ್ಡರುಗಳ ಮೈಮೇಲೆ ‘2000 ವಾಟ್ ಪಿಎಂಪಿಒ’ ಎಂದು ಮಿನುಗುವ ಸ್ಟಿಕರ್ ಅಂಟಿಸುತ್ತಿದ್ದ ಕಾಲದಿಂದ ಈ ಪ್ರಶ್ನೆ ನಮ್ಮ ನಾಲಿಗೆಗೆ ಅಂಟಿಕೊಂಡುಬಿಟ್ಟಿದೆ. ಗೋಡೆಯ ಪ್ಲಗ್ಗಿನಿಂದ ಐವತ್ತು ವಾಟನ್ನೂ ಎಳೆಯದ ಯಂತ್ರ ಎರಡು ಸಾವಿರ ವಾಟನ್ನು ಎಲ್ಲಿಂದ ತಂದು ಕೊಡುತ್ತದೆ ಎಂದು ಆಗ ಯಾರೂ ಅಂಗಡಿಯವನನ್ನು ತಡೆದು ಕೇಳಲಿಲ್ಲ. ಚೆನ್ನೈನ ಮೌಂಟ್ ರೋಡಿನಿಂದ ಒಳಕ್ಕೆ ತಿರುಗಿದರೆ ಸಿಗುವ ರಿಚಿ ಸ್ಟ್ರೀಟಿನಲ್ಲಿ ಈಗಲೂ ಮಾತು ಶುರುವಾಗುವುದು ವಾಟಿನಿಂದಲೇ.

ವಾಟ್ ಎಂಬುದು ಆಂಪ್ಲಿಫೈಯರಿನ ಲೆಕ್ಕ. ಸ್ಪೀಕರಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ನೀನು ಎಷ್ಟು ಸದ್ದು ಮಾಡುತ್ತೀಯ? ಡೆಸಿಬೆಲ್‌ನಲ್ಲಿ ಬರುವ ಆ ಉತ್ತರವೇ ಸೆನ್ಸಿಟಿವಿಟಿ. ಇವತ್ತು ಅಂಗಡಿಯಲ್ಲಿ ಸಿಗುವ ಸಣ್ಣ ಬುಕ್‌ಶೆಲ್ಫ್ ಸ್ಪೀಕರುಗಳದು ಸಾಮಾನ್ಯವಾಗಿ 85ರಿಂದ 88. ತೊಂಬತ್ತೆರಡು ಮೂರು ದಾಟಿದರೆ ಹೆಚ್ಚು ಸೆನ್ಸಿಟಿವಿಟಿಯ ಸ್ಪೀಕರ್ ಎನ್ನುವುದು ವಾಡಿಕೆ. ಅಂತರ ನೋಡಲು ಸಣ್ಣದು. ಆದರೆ ಮೂರು ಡೆಸಿಬೆಲ್ ಏರಿದರೆ ಬೇಕಾಗುವ ವಿದ್ಯುತ್ತು ಅರ್ಧಕ್ಕಿಳಿಯುತ್ತದೆ, ಹತ್ತು ಏರಿದರೆ ಹತ್ತರಲ್ಲೊಂದು ಪಾಲಿಗೆ. 87 ಡೆಸಿಬೆಲ್ ಸ್ಪೀಕರ್ ತನ್ನೊಳಗೆ ಹೋದ ವಿದ್ಯುತ್ತಿನಲ್ಲಿ ಶೇಕಡಾ 0.3ರಷ್ಟನ್ನು ಮಾತ್ರ ಧ್ವನಿಯಾಗಿಸುತ್ತದೆ. 97ರದ್ದು ಶೇಕಡಾ ಮೂರರಷ್ಟನ್ನು. ಮಿಕ್ಕಿದ್ದೆಲ್ಲ ವಾಯ್ಸ್ ಕಾಯಿಲಿನಲ್ಲಿ ಶಾಖವಾಗಿ ಹೋಗುತ್ತದೆ. ಸ್ಪೀಕರಿನಷ್ಟು ದುಂದುಗಾರ ಯಂತ್ರ ಮನೆಯಲ್ಲಿ ಇನ್ನೊಂದಿರಲಾರದು.

ಹಿಂದೆ ಹೀಗಿರಲಿಲ್ಲ, ಹೀಗಿರುವುದು ಸಾಧ್ಯವೂ ಇರಲಿಲ್ಲ. ಗ್ರಾಮಫೋನಿಗೆ ಒಂದು ವಾಟೂ ಇಲ್ಲ. ಮುಂದೆ ಎವಿಎಂ ಸ್ಟುಡಿಯೊ ಕಟ್ಟಿದ ಮೆಯ್ಯಪ್ಪನ್ ಮೌಂಟ್ ರೋಡಿನ ಸರಸ್ವತಿ ಸ್ಟೋರ್ಸಿನಲ್ಲಿ ಪ್ಲೇಟುಗಳನ್ನು ಮಾರುತ್ತಿದ್ದಾಗ, ಅವನ್ನು ಹಾಡಿಸುತ್ತಿದ್ದದ್ದು ಸೂಜಿಯ ಅಲುಗಾಟ ಮತ್ತು ಒಂದು ಕೊಂಬು, ಅಷ್ಟೆ. ಟಾಕಿ ಬಂದಾಗ ಆಂಪ್ಲಿಫೈಯರುಗಳ ಶಕ್ತಿ ಹತ್ತಾರು ವಾಟಿನೊಳಗೇ ಇತ್ತು. ಅಷ್ಟರಲ್ಲೇ ಸಾವಿರ ಜನ ಕೂರುವ ಥಿಯೇಟರನ್ನು ತುಂಬಬೇಕಿದ್ದರಿಂದ ಪರದೆಯ ಹಿಂದೆ ಆಳೆತ್ತರದ ಹಾರ್ನುಗಳು ಬಂದು ನಿಂತವು. ಸಿನಿಮಾಕ್ಕೆಂದು ಅಮೆರಿಕದಲ್ಲಿ ಹುಟ್ಟಿದ ಈ ಪೆಟ್ಟಿಗೆಗಳ ವಂಶದವನ್ನೇ ಇಂದು ಕೆಲವರು ಹುಡುಕಿ ತಂದು ಹಾಲಿನಲ್ಲಿ ಇಡುತ್ತಿರುವುದು. ಅರ್ಕಾನ್ಸಾದ ಹೋಪ್ ಎಂಬ ಊರಿನಲ್ಲಿ ಪಾಲ್ ಕ್ಲಿಪ್ಶ್ 1946ರಲ್ಲಿ ಮಾರಾಟಕ್ಕೆ ತಂದ ಮೂಲೆಯ ಹಾರ್ನ್ ಕೂಡ ಅದೇ ಕಾಲದ್ದು. ಕೋಣೆಯ ಎರಡು ಗೋಡೆಗಳನ್ನೇ ಕೊಂಬಿನ ಬಾಯಿಯಾಗಿಸಿಕೊಳ್ಳುವ ಆ ಸ್ಪೀಕರ್ ಇಂದಿಗೂ ತಯಾರಾಗುತ್ತಿದೆ. ಕಂಪನಿ ಹೇಳುವ ಸೆನ್ಸಿಟಿವಿಟಿ 105. ಮನೆಯ ರೇಡಿಯೊಗಳದೂ ಇದೇ ಕಥೆ. ಐವತ್ತು ಅರವತ್ತರ ದಶಕದ ವಾಲ್ವ್ ರೇಡಿಯೊದ ಒಳಗಿದ್ದದ್ದು ಮೂರೋ ನಾಲ್ಕೋ ವಾಟ್. ಹಗುರವಾದ ಕಾಗದದ ಕೋನು, ಹಿಂಬದಿ ತೆರೆದ ಮರದ ಪೆಟ್ಟಿಗೆ ಸೇರಿ ಅಷ್ಟರಲ್ಲೇ ವಾರ್ತೆಯನ್ನು ಪಡಸಾಲೆಯಿಂದ ಹಿತ್ತಿಲಿನವರೆಗೆ ಮುಟ್ಟಿಸುತ್ತಿದ್ದವು.

ರಾಜಕುಮಾರ್ ಬೇಡರ ಕಣ್ಣಪ್ಪನಾಗಿ ತೆರೆಗೆ ಬಂದ 1954ರಲ್ಲೇ ಎಡ್ಗರ್ ವಿಲ್ಚರ್ ಎಂಬ ಅಮೆರಿಕನ್ನನ ಎಆರ್-1 ಸ್ಪೀಕರ್ ಹೊರಬಂತು. ಪೆಟ್ಟಿಗೆಯನ್ನು ಗಾಳಿ ಆಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿ, ಕಪಾಟಿನ ತಟ್ಟೆಯ ಮೇಲೆ ಕೂರುವಷ್ಟು ಸಣ್ಣ ಡಬ್ಬಿಯಿಂದ ಆಳವಾದ ಬೇಸ್ ಹೊರಡಿಸಿದ ಬುದ್ಧಿವಂತಿಕೆ ಅದು. ತೆತ್ತ ಬೆಲೆ ಸೆನ್ಸಿಟಿವಿಟಿ. ಹಾಫ್‌ಮನ್ ಎಂಬ ಎಂಜಿನಿಯರ್ ಇದನ್ನೇ ಒಂದು ನಿಯಮವಾಗಿ ಹೇಳಿದ: ಸಣ್ಣ ಪೆಟ್ಟಿಗೆ, ಆಳದ ಬೇಸ್, ಹೆಚ್ಚು ಸೆನ್ಸಿಟಿವಿಟಿ, ಈ ಮೂರರಲ್ಲಿ ಎರಡನ್ನು ಆರಿಸಿಕೋ, ಮೂರನೆಯದನ್ನು ಬಿಟ್ಟುಕೊಡು. ಅಷ್ಟರಲ್ಲಿ ಟ್ರಾನ್ಸಿಸ್ಟರ್ ಬಂದು ವಾಟ್ ಅಗ್ಗವಾಯಿತು. ಜಗತ್ತು ಸಣ್ಣ ಪೆಟ್ಟಿಗೆಯನ್ನೂ ಬೇಸನ್ನೂ ಆರಿಸಿಕೊಂಡಿತು. ಅದೇನು ಮೂರ್ಖ ಆಯ್ಕೆಯಲ್ಲ. ಎರಡು ಫ್ರಿಜ್‌ಗಳಷ್ಟು ಜಾಗವನ್ನು ಸಂಗೀತಕ್ಕೆಂದು ಬಿಟ್ಟುಕೊಡಬಲ್ಲ ಮನೆಗಳು ಎಷ್ಟಿವೆ?

ಹಾಗಾದರೆ ಚೆನ್ನೈನ ಅಪಾರ್ಟ್‌ಮೆಂಟಿನಲ್ಲಿರುವವರು ಈಗ ಹಿಂದಕ್ಕೆ ಹೋಗಿ ಹೆಚ್ಚು ಸೆನ್ಸಿಟಿವಿಟಿಯ ಸ್ಪೀಕರನ್ನು ಯಾಕೆ ಆರಿಸಬೇಕು? ಜೋರಾಗಿ ಕೇಳುವುದಕ್ಕೆ ಎಂಬುದು ಅಂಗಡಿಯ ಉತ್ತರ. ಲೆಕ್ಕ ಹಾಕಿ ನೋಡಿದರೆ ಅದು ನಿಲ್ಲುವುದಿಲ್ಲ. ಸ್ಪೀಕರಿನಿಂದ ಮೂರು ಮೀಟರ್ ದೂರದ ಸೋಫಾದಲ್ಲಿ ಕೂತಿದ್ದೀರಿ ಎನ್ನಿ. ದೂರದಿಂದ ಆಗುವ ನಷ್ಟವನ್ನು ಕಳೆದು, ಎರಡು ಸ್ಪೀಕರುಗಳಿಂದ ಮತ್ತು ಕೋಣೆಯಿಂದ ಸಿಗುವ ಲಾಭವನ್ನು ಕೂಡಿಸಿದರೆ, 87ರ ಜೋಡಿ ತಲಾ ಒಂದು ವಾಟಿಗೆ ನಿಮ್ಮ ಕಿವಿಗೆ ಸುಮಾರು 83 ಡೆಸಿಬೆಲ್ ಮುಟ್ಟಿಸುತ್ತದೆ. ತನಿಆವರ್ತನದಲ್ಲಿ ಮೃದಂಗದ ಪೆಟ್ಟು 95ಕ್ಕೆ ಏರಿದರೂ, ಆ ಕ್ಷಣಕ್ಕೆ ಬೇಕಾದದ್ದು ಹದಿನಾರು ವಾಟ್. ಐವತ್ತು ವಾಟಿನ ಸಾಧಾರಣ ಆಂಪ್ಲಿಫೈಯರ್ ಅದನ್ನು ಬೆವರದೆ ಕೊಡುತ್ತದೆ. ಕಾಯಿಲ್ ಬಿಸಿಯಾಗಿ ಸದ್ದು ಕುಗ್ಗುತ್ತದೆ ಎಂಬ ಇನ್ನೊಂದು ವಾದ ಕಲ್ಯಾಣ ಮಂಟಪದ ಸ್ಪೀಕರಿಗೆ ಸರಿ. ತಾಮ್ರದ ಕಾಯಿಲ್ ನೂರು ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ರೋಧ ಶೇಕಡಾ ನಲವತ್ತರಷ್ಟು ಏರಿ ಸುಮಾರು ಮೂರು ಡೆಸಿಬೆಲ್ ನಷ್ಟವಾಗುತ್ತದೆ, ನಿಜ. ಆದರೆ ಸರಾಸರಿ ಒಂದು ವಾಟೂ ಕುಡಿಯದ ಮನೆಯ ಸ್ಪೀಕರಿನಲ್ಲಿ ನೂರು ಡಿಗ್ರಿ ಎಲ್ಲಿಂದ ಬರಬೇಕು?

ಇಷ್ಟು ಹೇಳಿದ ಮೇಲೂ ಚೆನ್ನೈನ ಹಾಲಿಗೆ ಇಂಥ ಸ್ಪೀಕರೇ ಒಳ್ಳೆಯದು ಎನ್ನುವವನು ನಾನು. ಅದಕ್ಕೆ ಕಾರಣ ಸೆನ್ಸಿಟಿವಿಟಿಯ ಸಂಖ್ಯೆಯಲ್ಲ. ಆ ಸಂಖ್ಯೆ ಬರಬೇಕಾದರೆ ಪೆಟ್ಟಿಗೆ ಹೇಗಿರಬೇಕಾಗುತ್ತದೋ ಅದು ಕಾರಣ.

ನಮ್ಮ ಹಾಲುಗಳು ಹೇಗಿವೆ ನೋಡಿ. ಹನ್ನೆರಡು ಅಡಿ, ಹದಿನೈದು ಅಡಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ನಾಲ್ಕೂ ಕಡೆ ಗಾರೆ ಬಳಿದ ಗೋಡೆ, ಮೇಲೆ ಕಾಂಕ್ರೀಟ್ ತಾರಸಿ, ಬಾಲ್ಕನಿಯ ಕಡೆ ಗಾಜು. ಕಡಲ ತೇವದ ಈ ಊರಿನಲ್ಲಿ ದಪ್ಪ ಕಾರ್ಪೆಟ್ ಹಾಸಿದರೆ ಧೂಳೂ ಮುಗ್ಗಲು ವಾಸನೆಯೂ ಗ್ಯಾರಂಟಿ. ಭವಾನಿಯ ಜಮಖಾನವನ್ನೋ ಪತ್ತಮಡೈ ಚಾಪೆಯನ್ನೋ ಹಾಸಿದರೆ ತಾರಸ್ಥಾಯಿಯ ಚೂಪಷ್ಟೇ ತಗ್ಗುತ್ತದೆ, ದನಿಯ ನಡುಭಾಗದ ಗದ್ದಲ ಹಾಗೇ ಉಳಿಯುತ್ತದೆ. ಇಂಥ ಕೋಣೆಯಲ್ಲಿ ಸದ್ದನ್ನು ಎಲ್ಲ ದಿಕ್ಕಿಗೂ ಚೆಲ್ಲುವ ಸ್ಪೀಕರಿನಿಂದ ಒಂದು ಮೀಟರ್ ದಾಟುವುದರೊಳಗೆ ಗೋಡೆಗಳಿಂದ ಮರಳಿ ಬಂದ ಸದ್ದು ನೇರ ಸದ್ದಿಗಿಂತ ಹೆಚ್ಚಾಗಿಬಿಡುತ್ತದೆ. ಮೂರು ಮೀಟರ್ ಆಚೆ ಕೂತವನು ಕೇಳುವುದು ಬಹುಪಾಲು ಗೋಡೆಗಳ ಹಾಡನ್ನೇ. ಜೊತೆಗೆ ಮಾರ್ಚಿನಿಂದ ಅಕ್ಟೋಬರಿನವರೆಗೆ ನಿಲ್ಲಿಸಲಾಗದ ಸೀಲಿಂಗ್ ಫ್ಯಾನ್. ಸಾಹಿತ್ಯದ ವ್ಯಂಜನಗಳು ಮೊದಲು ಕಳೆದುಹೋಗುವುದು ಇಲ್ಲೇ. ಮನೆಯವರು ವಾಲ್ಯೂಮ್ ಏರಿಸುತ್ತಾರೆ. ಗೋಡೆಗಳೂ ಅಷ್ಟೇ ಏರಿಸುತ್ತವೆ.

ಐದು ಇಂಚಿನ ಕೋನು ಸಾವಿರ ಹರ್ಟ್ಸ್ ದಾಟುವವರೆಗೂ ಹೆಚ್ಚು ಕಡಿಮೆ ಎಲ್ಲ ದಿಕ್ಕಿಗೂ ಹರಡುತ್ತದೆ. ಹತ್ತು ಹನ್ನೆರಡು ಇಂಚಿನದು ಐನೂರರ ಆಸುಪಾಸಿನಿಂದಲೇ ಮುಂದಕ್ಕೆ ಮುಖ ಮಾಡತೊಡಗುತ್ತದೆ. ಅದರ ಮೇಲಿನ ಹಾರ್ನ್ ಉಳಿದ ಭಾಗವನ್ನು ಅದೇ ಅಗಲಕ್ಕೆ ಹಿಡಿದಿಟ್ಟರೆ, ದನಿ ಗೋಡೆಗೆ ಹೋಗುವ ಮೊದಲು ಕೂತವರ ಕಡೆ ಬರುತ್ತದೆ. ಪೆಟ್ಟಿಗೆಯ ಮುಖ ಅಗಲವಿದ್ದಷ್ಟೂ ತಗ್ಗಿನ ಸ್ವರಗಳು ಹಿಂದಕ್ಕೆ ಸೋರುವುದು ತಡವಾಗುತ್ತದೆ. ಇಪ್ಪತ್ತು ಸೆಂಟಿಮೀಟರ್ ಅಗಲದ ಪೆಟ್ಟಿಗೆಯಲ್ಲಿ ಆರುನೂರು ಹರ್ಟ್ಸ್‌ನ ಸುತ್ತಮುತ್ತಲೇ ಸೋರಿಕೆ ಶುರು. ನಲವತ್ತೈದು ಸೆಂಟಿಮೀಟರಿನದಾದರೆ ಇನ್ನೂರೈವತ್ತರವರೆಗೆ ತಡೆಯುತ್ತದೆ. ಸಣ್ಣ ಪೆಟ್ಟಿಗೆಯ ವಿನ್ಯಾಸಕಾರ ಈ ಸೋರಿಕೆಗೆ ಸರಿದೂಗಿಸಲು ಮೇಲಿನ ಸ್ವರಗಳನ್ನು, ಸದ್ದನ್ನು ದೊಡ್ಡ ಸಣ್ಣ ಕೋನುಗಳಿಗೆ ಹಂಚಿಕೊಡುವ ಕ್ರಾಸ್‌ಓವರಿನಲ್ಲಿ ಐದಾರು ಡೆಸಿಬೆಲ್ ತಗ್ಗಿಸಬೇಕಾಗುತ್ತದೆ. ಅವನ ಸೆನ್ಸಿಟಿವಿಟಿ ಹೋಗುವುದು ಅಲ್ಲಿಯೂ ಹೌದು. ಅಗಲದ ಪೆಟ್ಟಿಗೆಯವನಿಗೆ ಆ ಖರ್ಚು ಕಮ್ಮಿ. ಅಂದರೆ ದೊಡ್ಡ ಕೋನು, ಹಾರ್ನು, ಅಗಲ ಮುಖ ಇವು ನಮಗೆ ಬೇಕಾದ ಗುಣಗಳು. 94ರಂಥ ಸೆನ್ಸಿಟಿವಿಟಿ ಅವುಗಳ ಬೆನ್ನಿಗೇ ಬರುವಂಥದ್ದು. ‘ಹೆಚ್ಚು ಸೆನ್ಸಿಟಿವಿಟಿಯ ಸ್ಪೀಕರ್ ಮೆಲ್ಲಗೆ ಹಾಕಿದರೂ ಜೀವಂತವಾಗಿರುತ್ತದೆ’ ಎಂದು ರಸಿಕರು ಹೇಳುವ ಮಾತಿನ ಹಿಂದೆ ಇರುವುದು ಇದೇ ಎಂದು ನನ್ನ ಎಣಿಕೆ. ಜೀವ ತುಂಬಿದ್ದು ಡೆಸಿಬೆಲ್ ಅಲ್ಲ, ಗೋಡೆಗೆ ಹೋಗದೆ ಕಿವಿಗೆ ಬಂದ ದನಿ.

ಈ ಊರಿನಲ್ಲಿ ಮೆಲ್ಲಗೆ ಕೇಳುವುದಕ್ಕೆ ದೊಡ್ಡ ಪರಂಪರೆಯೇ ಇದೆ. 1938ರಲ್ಲಿ ತೀರಿಕೊಂಡ ವೀಣಾ ಧನಮ್ಮಾಳ್ ಜಾರ್ಜ್ ಟೌನಿನ ತಮ್ಮ ಮನೆಯಲ್ಲಿ ಶುಕ್ರವಾರ ಸಂಜೆ ನುಡಿಸುತ್ತಿದ್ದ ವೀಣೆ ಅದೇ ಕೋಣೆಯಲ್ಲಿ ಕೂತವರಿಗಷ್ಟೇ ಕೇಳುವಂಥದ್ದು. ಅಲ್ಲಿ ಯಾರಾದರೂ ಸದ್ದು ಮಾಡಿದರೆ ಆಕೆ ಸಹಿಸುತ್ತಿರಲಿಲ್ಲ ಎಂಬುದು ಪ್ರಸಿದ್ಧ. ಮೈಕು ಬಂದ ಮೇಲೆ ಸಂಗೀತದ ಅಳತೆ ಕೋಣೆಯಿಂದ ಸಭಾಂಗಣಕ್ಕೆ ಹಿಗ್ಗಿತು. ಈಗಂತೂ ಡಿಸೆಂಬರ್ ಸೀಸನ್ನಿನಲ್ಲಿ ಎಷ್ಟೋ ಸಭಾಗಳ ಮೈಕ್ ಸೆಟ್ಟಿನ ಅಬ್ಬರಕ್ಕೆ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳಬೇಕು. ಮೃದಂಗಕ್ಕೆ ಎರಡೂ ಬದಿಗೆ ಮೈಕು, ಪಿಟೀಲಿಗೆ ಅಂಟಿಸಿದ ಪಿಕಪ್ಪು, ಕಲಾವಿದರ ಮುಂದೆ ಮಾನಿಟರು. ಆ ಸದ್ದಿಗೆ ಒಗ್ಗಿದ ಕಿವಿ ಮನೆಗೆ ಬಂದು ಅದನ್ನೇ ಕೇಳುತ್ತದೆ. ಮನೆಯ ಸ್ಪೀಕರಿನ ಕೆಲಸ ಅದನ್ನು ಒದಗಿಸುವುದಲ್ಲ. ವೀಣೆಯ ತಂತಿಯನ್ನು ಒಮ್ಮೆ ಮೀಟಿ, ಮುಂದಿನ ಮೂರು ಸ್ವರಗಳನ್ನು ಎಡಗೈಯ ಎಳೆತದಲ್ಲೇ ತೆಗೆಯುವಾಗ ನಾದ ಕ್ಷಣಕ್ಷಣಕ್ಕೂ ಇಳಿಯುತ್ತ ಹೋಗುತ್ತದೆ. ಮೂರನೆಯ ಸ್ವರ ಮೊದಲ ಮೀಟಿಗಿಂತ ಎಷ್ಟೋ ಪಾಲು ಸಣ್ಣದು. ದೊರೆಸ್ವಾಮಿ ಅಯ್ಯಂಗಾರರ ಮೈಸೂರು ಬಾನಿಯ ಒಂದು ಆಲಾಪನೆ ಹಾಕಿ, ಫ್ಯಾನ್ ತಿರುಗುತ್ತಿರುವಾಗಲೇ ಆ ಮೂರನೆಯ ಸ್ವರ ತಲುಪುತ್ತದೆಯೇ ಎಂದು ಕೇಳಬೇಕು.

ಹಾಫ್‌ಮನ್ ಕೇಳುವ ಬೆಲೆಯನ್ನೂ ನೋಡೋಣ. 94ರ ಸ್ಪೀಕರ್ ಮನೆಗೆ ಹಿಡಿಸುವ ಗಾತ್ರದಲ್ಲಿರಬೇಕಾದರೆ ಆಳದ ಬೇಸನ್ನು ಬಿಡಬೇಕು. ನಲವತ್ತೈದು ಐವತ್ತು ಹರ್ಟ್ಸ್‌ನ ಕೆಳಗೆ ಅದು ಸೋಲುತ್ತದೆ. ಕರ್ನಾಟಕ ಸಂಗೀತ ಕೇಳುವವನಿಗೆ ಇದರಿಂದ ಹೆಚ್ಚೇನೂ ನಷ್ಟವಿಲ್ಲ. ಒಂದೂವರೆ ಕಟ್ಟೆಯ ಶ್ರುತಿಯಲ್ಲಿ ಹಾಡುವ ಗಾಯಕನ ತಂಬೂರಿಯ ಮಂದ್ರ ಷಡ್ಜ ಸುಮಾರು 69 ಹರ್ಟ್ಸ್. ಮೃದಂಗದ ತೊಪ್ಪಿಗೆ ಮೆತ್ತುವ ರವೆಯ ಕಣಕದ ಗುಮುಕಿಗೂ ಇದಕ್ಕಿಂತ ಬಹಳ ಆಳಕ್ಕೆ ಹೋಗಬೇಕಿಲ್ಲ. ಮದರಾಸಿನ ಸ್ಟುಡಿಯೊಗಳಲ್ಲಿ ಧ್ವನಿಮುದ್ರಣವಾದ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿಯವರ ಹಳೆಯ ಕನ್ನಡ ಹಾಡುಗಳಲ್ಲಿ ಅಷ್ಟು ಕೆಳಗಿನದು ಕಮ್ಮಿಯೇ. ಹದಿನೈದು ಅಡಿ ಉದ್ದದ ಕಾಂಕ್ರೀಟ್ ಕೋಣೆ 37 ಹರ್ಟ್ಸ್‌ನ ಆಸುಪಾಸಿನಲ್ಲಿ, ಹನ್ನೆರಡು ಅಡಿಯ ಅಗಲ 47ರಲ್ಲಿ ತಾನೇ ಗುಂಯ್‌ಗುಡುತ್ತದೆ. ಅಮೆರಿಕದ ಮರದ ಮನೆಗಳಲ್ಲಿ ತೆಳುಗೋಡೆಯಿಂದ ಸೋರಿಹೋಗುವ ಬೇಸ್ ಇಲ್ಲಿ ಒಳಗೇ ಉಳಿಯುತ್ತದೆ. ಅಲ್ಲಿನ ವಿಮರ್ಶಕ ‘ಬೇಸ್ ಸಾಲದು’ ಎಂದು ಬರೆದ ಸ್ಪೀಕರ್ ನಮ್ಮ ಹಾಲಿನಲ್ಲಿ ಹದವಾಗಿಯೇ ಕೇಳಬಹುದು. ಅಲ್ಲಿ ಹೊಗಳಿಸಿಕೊಂಡದ್ದು ಇಲ್ಲಿ ಗುಡುಗಲೂಬಹುದು.

ಆದರೆ ಎಲ್ಲರೂ ವೀಣೆ ಕೇಳುವುದಿಲ್ಲ. ಇಳಯರಾಜ ಅವರ ಹಾಡುಗಳಲ್ಲಿ ಬೇಸ್ ಗಿಟಾರ್ ಒಂದು ಪಾತ್ರವೇ. ಅದರ ದಪ್ಪ ತಂತಿಯನ್ನು ಬಿಟ್ಟು ಮೀಟಿದರೆ ಬರುವುದು 41 ಹರ್ಟ್ಸ್. ರೆಹಮಾನ್ ಅವರ ಸಿಂಥಸೈಜರ್ ಇನ್ನೂ ಕೆಳಕ್ಕಿಳಿಯುತ್ತದೆ. ಇದಕ್ಕೆ ನಮ್ಮ ಪಕ್ಕದಲ್ಲೇ ಒಂದು ಉತ್ತರ ಸಿಕ್ಕಿದೆ. ಕೊಚ್ಚಿಯ ವಾಸ್ತುಶಿಲ್ಪಿಯೊಬ್ಬರು ಕಟ್ಟಿದ ರೀದಮ್ ಎಂಬ ಸ್ಪೀಕರ್ ಕಂಪನಿ, ಕ್ರಾಸ್‌ಓವರ್ ಇಲ್ಲದ ಒಂದೇ ಹಗುರ ಕೋನಿಗೆ ದನಿಯ ಭಾಗವನ್ನೆಲ್ಲ ಬಿಟ್ಟು, ತಳದ ಬೇಸಿಗೆ ಮಾತ್ರ ಸ್ವಂತ ಆಂಪ್ಲಿಫೈಯರ್ ಇರುವ ಬೇರೆ ಡ್ರೈವರುಗಳನ್ನು ಅದೇ ಪೆಟ್ಟಿಗೆಯಲ್ಲಿ ಕೂರಿಸಿತು. ಸಾಧನಾ, ಭಾವ, ಮಾರ್ಗ ಎಂದೆಲ್ಲ ಹೆಸರು ಹೊತ್ತ ಆ ಸ್ಪೀಕರುಗಳ ಬಗ್ಗೆ ವಿದೇಶಿ ಪತ್ರಿಕೆಗಳೂ ಬರೆದವು. ಅವುಗಳ ಬೆಲೆ ಎಲ್ಲರ ಕೈಗೆಟುಕುವಂಥದ್ದಲ್ಲ, ಉಪಾಯ ಮಾತ್ರ ಎಲ್ಲರದು: ಹೆಚ್ಚು ಸೆನ್ಸಿಟಿವಿಟಿಯ ಜೋಡಿಗೆ ಒಂದು ಸಣ್ಣ ಸಬ್‌ವೂಫರ್ ಸೇರಿಸಿ, ಅದನ್ನು ಅರವತ್ತು ಹರ್ಟ್ಸ್‌ನ ಕೆಳಗಷ್ಟೇ ದುಡಿಸುವುದು. ರಾತ್ರಿ ಹತ್ತರ ಮೇಲೆ ಆರಿಸಿಬಿಟ್ಟರೆ ಕೆಳಗಿನ ಮಹಡಿಯವರೂ ನೆಮ್ಮದಿಯಿಂದ ಇರುತ್ತಾರೆ.

ಕಡಲ ಗಾಳಿಯೂ ಈ ಪಕ್ಷಕ್ಕೇ ವಾದಿಸುತ್ತದೆ. ಎಷ್ಟೋ ಸ್ಪೀಕರುಗಳಲ್ಲಿ ಕೋನಿನ ಅಂಚಿಗೆ ಫೋಮಿನ ಉಂಗುರವಿರುತ್ತದೆ. ಸೆಕೆ ಮತ್ತು ತೇವಕ್ಕೆ ಅದು ಕೆಲವು ವರ್ಷಗಳಲ್ಲಿ ಜಿಗುಟಾಗಿ, ಬೆರಳು ಸೋಕಿದರೆ ಪುಡಿಯಾಗಿ ಉದುರುತ್ತದೆ. ಹೆಚ್ಚು ಸೆನ್ಸಿಟಿವಿಟಿಯ ಡ್ರೈವರುಗಳಲ್ಲಿ ಅನೇಕವು ನೆರಿಗೆ ಹಿಡಿದ, ಲೇಪ ಬಳಿದ ಬಟ್ಟೆಯ ಅಂಚಿನವು. ಬೇಸಿಗಾಗಿ ಕೋನು ಹೆಚ್ಚು ಓಡಾಡಬೇಕಿಲ್ಲವಾದ್ದರಿಂದ ಆ ಗಟ್ಟಿ ಅಂಚು ಅವಕ್ಕೆ ಸಾಕು. ಬಟ್ಟೆ ಇಲ್ಲಿನ ಹವೆಯಲ್ಲಿ ದಶಕಗಟ್ಟಲೆ ಬಾಳುತ್ತದೆ. ಹಾಗೆಂದು ರಿಚಿ ಸ್ಟ್ರೀಟಿನಲ್ಲಿ ಸಿಗುವ ಹನ್ನೆರಡು ಇಂಚಿನ ಪಿ.ಎ. ಡ್ರೈವರನ್ನು ತಂದು ಪ್ಲೈವುಡ್ ಪೆಟ್ಟಿಗೆಗೆ ಬಿಗಿದರೆ ಕೆಲಸ ಮುಗಿಯಿತು ಎನ್ನುವ ಉತ್ಸಾಹಿಗಳನ್ನು ನಂಬಬೇಡಿ. ದೇವಸ್ಥಾನದ ಜಾತ್ರೆಗೆಂದು ಮಾಡಿದ ಕೋನು ಎರಡು ಸಾವಿರ ಹರ್ಟ್ಸ್‌ನ ಮೇಲೆ ಒರಟಾಗಿ ಕೂಗುತ್ತದೆ. ಅದನ್ನು ಕ್ರಾಸ್‌ಓವರಿನಿಂದ ಪಳಗಿಸುವುದು ಅಳತೆಯ ಮೈಕು ಮತ್ತು ತಾಳ್ಮೆ ಎರಡೂ ಇರುವವರ ಕೆಲಸ.

ಇನ್ನು ವಾಲ್ವ್ ಆಂಪ್ಲಿಫೈಯರ್. ಹೆಚ್ಚು ಸೆನ್ಸಿಟಿವಿಟಿಯ ಮಾತೆತ್ತಿದರೆ ಮುನ್ನೂರು-ಬಿ ಎಂಬ ವಾಲ್ವಿನ ಎಂಟು ವಾಟ್ ಕೂಡಲೇ ಹಿಂದೆ ಬರುತ್ತದೆ. ನೋಡಲು ಚೆಂದ, ಕೇಳಲೂ ಚೆಂದ. ಆದರೆ ಎಡ ಬಲ ಸೇರಿ ಹದಿನಾರು ವಾಟ್ ಸಂಗೀತ ಕೊಡಲು ನೂರಕ್ಕೂ ಹೆಚ್ಚು ವಾಟ್ ಶಾಖ ಕಾರುವ ಯಂತ್ರವನ್ನು ಕತ್ತರಿ ಬಿಸಿಲಿನ ಮೇ ತಿಂಗಳಲ್ಲಿ ಹಾಲಿನೊಳಗೆ ಉರಿಸಿ, ಆ ಶಾಖ ತಡೆಯಲು ಏಸಿ ಹಾಕಿ, ಏಸಿಯ ಸದ್ದಿನಲ್ಲಿ ಸಂಗೀತದ ಸೂಕ್ಷ್ಮ ಹುಡುಕುವುದು ನನಗೆ ಒಪ್ಪದ ವ್ಯಾಪಾರ. ಸದ್ದು ಮಾಡದ ಒಂದು ಸಾಧಾರಣ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಸಾಕು. ‘ಸದ್ದು ಮಾಡದ’ ಎಂಬುದನ್ನು ಒತ್ತಿ ಹೇಳಬೇಕು. 97ರ ಸ್ಪೀಕರ್ ಹಾಡನ್ನಷ್ಟೇ ಅಲ್ಲ, ಆಂಪ್ಲಿಫೈಯರಿನ ಹಿಸ್ಸನ್ನೂ ಕೆಟ್ಟ ಅರ್ಥಿಂಗಿನ ಗುಂಯ್ ಎಂಬುದನ್ನೂ 87ರದ್ದಕ್ಕಿಂತ ಹತ್ತು ಡೆಸಿಬೆಲ್ ಹೆಚ್ಚಾಗಿಯೇ ಕೇಳಿಸುತ್ತದೆ. ವಾಲ್ಯೂಮ್ ಗುಂಡಿಯ ಪಾಡೂ ಅಷ್ಟೇ. ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಉಣಿಸುವ ಈಗಿನ ಡ್ಯಾಕ್‌ಗಳು ಎರಡು ವೋಲ್ಟ್ ಕೊಡುತ್ತವೆ. ನೂರು ಡೆಸಿಬೆಲ್ ಸ್ಪೀಕರಿಗೆ ಗುಂಡಿಯನ್ನು ಏಳು ಗಂಟೆಯಿಂದ ಎಂಟು ಗಂಟೆಗೆ ತಿರುಗಿಸುವಷ್ಟರಲ್ಲಿ ಮನೆ ತುಂಬಿರುತ್ತದೆ. ಅಗ್ಗದ ಗುಂಡಿಗಳಲ್ಲಿ ಎಡ ಬಲ ಸಮನಾಗಿರದ ಜಾಗವೇ ಅದು. ಮನೆಯ ಮಟ್ಟಿಗೆ 92ರಿಂದ 96ರಲ್ಲಿ ನಿಲ್ಲುವುದು ಮೇಲು ಎನ್ನುವುದಕ್ಕೆ ಇದೂ ಒಂದು ಕಾರಣ.

ಕಂಪನಿ ಹೇಳುವ ಸಂಖ್ಯೆಯನ್ನೂ ತುಸು ಹಿಂಡಿ ನೋಡಬೇಕು. ಅಳೆಯುವಾಗ ಕೊಡುವ 2.83 ವೋಲ್ಟ್ ಎಂಟು ಓಮಿನ ಸ್ಪೀಕರಿಗೆ ಒಂದು ವಾಟ್. ನಾಲ್ಕು ಓಮಿನದಕ್ಕೆ ಎರಡು. ಹಾಗಾಗಿ ನಾಲ್ಕು ಓಮಿನ ಸ್ಪೀಕರ್ ಮೂರು ಡೆಸಿಬೆಲನ್ನು ಪುಕ್ಕಟೆಯಾಗಿ ತೋರಿಸಿಕೊಳ್ಳುತ್ತದೆ. ಕೆಲವರು ಪ್ರತಿಧ್ವನಿ ಇಲ್ಲದ ಕೋಣೆಯಲ್ಲಿ ಅಳೆಯುವ ಬದಲು ಸಾಮಾನ್ಯ ಕೋಣೆಯಲ್ಲಿ ಅಳೆದು ಗೋಡೆಗಳ ಕೊಡುಗೆಯನ್ನೂ ಸೇರಿಸಿಕೊಳ್ಳುತ್ತಾರೆ. ಹಾಗಾಗಿ ಕೊನೆಗೆ ಕಿವಿಯಿಂದಲೇ ಪರೀಕ್ಷಿಸಬೇಕು. ಅಂಗಡಿಯಲ್ಲಿ ಏಸಿ ಆರಿಸಬೇಡಿ, ಅಲ್ಲಿ ಫ್ಯಾನ್ ಇದ್ದರೆ ಅದನ್ನೂ ಹಾಕಿಸಿ. ನಿಮ್ಮ ಮಾತು ಹಾಡಿನ ಮೇಲೆ ಸಲೀಸಾಗಿ ಕೇಳುವಷ್ಟು ವಾಲ್ಯೂಮ್ ಇಳಿಸಿ, ಸಾಹಿತ್ಯ ತಿಳಿಯುತ್ತದೆಯೇ ನೋಡಿ. ಎರಡು ಕುರ್ಚಿ ಪಕ್ಕಕ್ಕೆ ಸರಿದು ಕೂತಾಗ ದನಿಯ ಬಣ್ಣ ಪೂರ್ತಿ ಬದಲಾದರೆ ಆ ಹಾರ್ನ್ ಒಬ್ಬರೇ ಕೂತು ಕೇಳುವ ಮನೆಗೆ ಸರಿ, ನಾಲ್ಕು ಜನ ಕೂರುವ ಹಾಲಿಗಲ್ಲ. ಹಾಡು ನಿಲ್ಲಿಸಿ, ಒಂದು ತೋಳಿನಳತೆಯಲ್ಲಿ ಕಿವಿಗೊಟ್ಟು ಹಿಸ್ ಇದೆಯೇ ಕೇಳಿ.

ಹಾಲು ಹತ್ತು ಅಡಿಯೊಳಗಿದ್ದು, ಸೋಫಾ ಸ್ಪೀಕರಿನಿಂದ ಆರೇ ಅಡಿ ದೂರದಲ್ಲಿದ್ದರೆ ಈ ವಾದದಲ್ಲಿ ಬಹುಪಾಲು ಬಿದ್ದುಹೋಗುತ್ತದೆ. ಅಷ್ಟು ಹತ್ತಿರದಲ್ಲಿ ನೇರ ಸದ್ದಿನ ಪಾಲು ಮೂರು ಮೀಟರ್ ಆಚೆಗಿಂತ ಹೇಗೂ ಹೆಚ್ಚು. ದೊಡ್ಡ ಹಾರ್ನು, ದೊಡ್ಡ ಕೋನು ಒಂದೇ ದನಿಯಾಗಿ ಕೂಡಿಕೊಳ್ಳಲು ಅಲ್ಲಿ ದೂರವೂ ಸಾಲುವುದಿಲ್ಲ. ಅಂಥ ಮನೆಗೆ 86ರ ಸಣ್ಣ ಜೋಡಿ, ಐವತ್ತು ವಾಟಿನ ಆಂಪ್ಲಿಫೈಯರ್ ಕೊಂಡು, ಮಿಕ್ಕ ಹಣವನ್ನು ಸೀಸನ್ ಟಿಕೆಟ್ಟಿಗೆ ಇಟ್ಟುಕೊಳ್ಳುವುದೇ ಸರಿ.